ಸಂಜೆಮಲ್ಲಿಗೆ ಬಿತ್ತಿದ ಮಠಾಧಿಪತಿ

ನಮ್ಮ ನಾಡಿನ ಮನೆಯಂಗಳಗಳಲ್ಲಿ, ಬಾವಿಕಟ್ಟೆಯ ಬಳಿ, ಬೇಲಿಯ ಬುಡದಲ್ಲಿ ಯಾರ ಆರೈಕೆಯನ್ನೂ ಬೇಡದೆ ಬೆಳೆಯುವ ಹೂಗಿಡಗಳಲ್ಲಿ ಸಂಜೆಮಲ್ಲಿಗೆಯೂ ಒಂದು. ಹೆಸರಿನಲ್ಲಿ ಮಲ್ಲಿಗೆ ಇದೆಯಾದರೂ ಇದು ಮಲ್ಲಿಗೆಯ ಕುಲಕ್ಕೆ ಸೇರಿದ ಗಿಡವಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶಗಳು ಇದರ ತವರು. 16ನೆಯ ಶತಮಾನದಲ್ಲಿ ಇದು ಯುರೋಪಿನ ತೋಟಗಳನ್ನು ಸೇರಿತು. ಸಸ್ಯಶಾಸ್ತ್ರಜ್ಞರು ಇದನ್ನು ಮಿರಾಬಿಲಿಸ್ ಜಲಾಪ ಎಂದು ಕರೆಯುತ್ತಾರೆ. ಸಂಜೆ ನಾಲ್ಕರ ಸುಮಾರಿಗೆ ಅರಳಿ, ಇರುಳೆಲ್ಲ ಪರಿಮಳ ಬೀರಿ, ಬೆಳಗಾಗುತ್ತಲೇ ಮುದುಡುವ ಈ ಹೂವನ್ನು ದೇವರ ಪೀಠಕ್ಕೂ ಯಾರೂ ತರುವುದಿಲ್ಲ, ಪೇಟೆಗೂ ಯಾರೂ ಒಯ್ಯುವುದಿಲ್ಲ. ಇಂತಹ ಗಿಡವೊಂದನ್ನು ಬೀಜದಿಂದ ಬೆಳೆಸಿ, ಅದರ ಮೂಲಕ ಸೃಷ್ಟಿಯ ಒಂದು ಮಹತ್ವದ ಪ್ರಶ್ನೆಗೆ ಉತ್ತರ ಪಡೆದ ಕಥೋಲಿಕ ಸಂನ್ಯಾಸಿಯೊಬ್ಬರ ಜೀವನವನ್ನು ಈ ವಾರ ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ತಳಿಶಾಸ್ತ್ರದ ಪಿತಾಮಹರೆಂದು ಜಗತ್ತು ಗೌರವಿಸುವ ಗ್ರೆಗರ್ ಮೆಂಡೆಲ್.

ಮೆಂಡೆಲರೆಂದರೆ ಬಟಾಣಿ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆದರೆ ಬಟಾಣಿ ಒಂದೇ ಋತುವಿನಲ್ಲಿ ಬಾಳಿ ಮುಗಿಯುವ ಗಿಡ. ಬಟಾಣಿಯಲ್ಲಿ ಕಂಡ ನಿಯಮ ಬೇರೆ ಸಸ್ಯಗಳಿಗೂ ಅನ್ವಯಿಸುತ್ತದೆಯೇ ಎಂದು ತಿಳಿಯಲು ಅವರು ಅನೇಕ ಹೂಗಿಡಗಳನ್ನು ಬಿತ್ತಿದರು. ಅವುಗಳಲ್ಲಿ ಗಡ್ಡೆಯಿಂದ ವರ್ಷವರ್ಷವೂ ಮತ್ತೆ ಚಿಗುರುವ ಸಂಜೆಮಲ್ಲಿಗೆಯೂ ಇತ್ತು. ಆ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ರೈತನ ಮಗ

1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್ಸೆನ್‌ಡೋರ್ಫ್ ಎಂಬ ಹಳ್ಳಿಯಲ್ಲಿ ಯೋಹಾನ್ ಮೆಂಡೆಲ್ ಜನಿಸಿದರು. ತಂದೆ ಆಂಟನ್ ಒಬ್ಬ ಬಡ ರೈತ. ಸ್ವಂತ ಹೊಲವಿದ್ದರೂ ಜಮೀನುದಾರನಿಗೆ ಬಿಟ್ಟಿ ದುಡಿಮೆ ಸಲ್ಲಿಸಬೇಕಾಗಿದ್ದ ಕಾಲ ಅದು. ಆ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದ ಯೋಹಾನ್ ಶ್ರೈಬರ್ ಹಣ್ಣಿನ ಮರಗಳ ಕೃಷಿಯಲ್ಲಿ ನಿಪುಣರು. ಒಳ್ಳೆಯ ತಳಿಗಳ ಕಸಿಕಡ್ಡಿಗಳನ್ನು ರೈತರಿಗೆ ಹಂಚಿ ಕಸಿ ಕಟ್ಟುವುದನ್ನು ಕಲಿಸುತ್ತಿದ್ದರು. ಬಾಲಕ ಯೋಹಾನ್ ತಂದೆಯ ತೋಟದಲ್ಲಿ ಕಸಿ ಕಟ್ಟುವುದನ್ನು ನೋಡುತ್ತಲೇ ಬೆಳೆದನು. ಒಬ್ಬ ಹಳ್ಳಿಯ ಗುರು ತಮ್ಮ ಜನರ ಹೊಟ್ಟೆಪಾಡಿನ ಬಗೆಗೆ ತೋರಿದ ಆಸಕ್ತಿ ಎಲ್ಲಿಯವರೆಗೆ ಫಲ ನೀಡೀತು ಎಂಬುದಕ್ಕೆ ಇದೊಂದು ನಿದರ್ಶನವೆಂದು ನಾವು ಭಾವಿಸುತ್ತೇವೆ.

1838ರಲ್ಲಿ ಬಿಟ್ಟಿ ದುಡಿಮೆಯ ವೇಳೆ ಮರದ ದಿಮ್ಮಿಯೊಂದು ಉರುಳಿ ಬಿದ್ದು ತಂದೆ ತೀವ್ರವಾಗಿ ಗಾಯಗೊಂಡರು. ಮನೆಯ ಆಧಾರವೇ ಕುಸಿಯಿತು. ಹದಿನಾರು ವರ್ಷದ ಯೋಹಾನ್ ಇತರ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ತಾನೇ ಹೊಂದಿಸಿಕೊಳ್ಳಬೇಕಾಯಿತು. ಮುಂದೆ ಅದೂ ಸಾಲದಾದಾಗ ಕಿರಿಯ ತಂಗಿ ತೆರೇಸಿಯಾ ತನ್ನ ಮದುವೆಗಾಗಿ ಮೀಸಲಿಟ್ಟಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟಳು. ಈ ಋಣವನ್ನು ಅಣ್ಣ ಎಂದೂ ಮರೆಯಲಿಲ್ಲ. ಮುಂದೆ ಆಕೆಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ಮೆಂಡೆಲರು ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಓಲೋಮೌತ್ಸ್ ನಗರದ ವಿದ್ಯಾಸಂಸ್ಥೆಯಲ್ಲಿ ತತ್ತ್ವಶಾಸ್ತ್ರದ ಅಭ್ಯಾಸ ಮುಗಿದ ಮೇಲೆ, ಭೌತಶಾಸ್ತ್ರದ ಪ್ರಾಧ್ಯಾಪಕರಾದ ಫ್ರೀಡ್ರಿಕ್ ಫ್ರಾಂಟ್ಸ್ ಅವರ ಶಿಫಾರಸಿನಂತೆ ಯೋಹಾನ್ 1843ರ ಅಕ್ಟೋಬರದಲ್ಲಿ ಬ್ರ್ನೋ ನಗರದ ಸಂತ ತೋಮಸರ ಮಠವನ್ನು ಸೇರಿದರು. ಸಂತ ಅಗಸ್ತೀನರ ಸಭೆಗೆ ಸೇರಿದ ಮಠವದು. ಅಲ್ಲಿ ಅವರಿಗೆ ಗ್ರೆಗರ್ ಎಂಬ ಹೆಸರು ದೊರೆಯಿತು. 1847ರಲ್ಲಿ ಗುರುದೀಕ್ಷೆಯಾಯಿತು. ದಿನದ ಅನ್ನದ ಚಿಂತೆಯಿಂದ ಬಿಡುಗಡೆ ಪಡೆಯುವ ಬಯಕೆಯೂ ತಮ್ಮ ಮಠಪ್ರವೇಶದ ಹಿಂದಿತ್ತೆಂಬುದನ್ನು ಅವರು ಮುಂದೆ ತಮ್ಮ ಜೀವನವೃತ್ತಾಂತದಲ್ಲಿ ಮರೆಮಾಚದೆ ಬರೆದುಕೊಂಡರು. ದೈವಕರೆ ಎಂಬುದು ಮನುಷ್ಯನ ಹಸಿವಿನ ಹಾದಿಯಲ್ಲಿಯೂ ಬರಬಹುದು ಎಂಬುದನ್ನು ಒಪ್ಪಿಕೊಳ್ಳಲು ನಾವು ಅಂಜಬೇಕಾಗಿಲ್ಲ.

ಎರಡು ಬಾರಿ ಎಡವಿದ ಪರೀಕ್ಷಾರ್ಥಿ

ಹೊಸ ಗುರುವಿಗೆ ರೋಗಿಗಳ ಹಾಗೂ ಮರಣಾಸನ್ನರ ಭೇಟಿಯ ಕೆಲಸ ಬಂದಿತು. ಇತರರ ನೋವನ್ನು ಕಂಡು ಅವರೇ ಹಾಸಿಗೆ ಹಿಡಿಯುವಷ್ಟು ಕಂಗೆಟ್ಟರು. ಮಠಾಧಿಪತಿ ಸಿರಿಲ್ ನಾಪ್ ವಿವೇಕಿಗಳು. ಈ ಯುವಕನನ್ನು ಗದರಿಸದೆ, ಹೀಗಳೆಯದೆ, 1849ರಲ್ಲಿ ಜ್ನೋಯ್ಮೋ ಪಟ್ಟಣದ ಶಾಲೆಗೆ ಬದಲಿ ಉಪಾಧ್ಯಾಯರನ್ನಾಗಿ ಕಳುಹಿಸಿಕೊಟ್ಟರು. ಮೆಂಡೆಲರಲ್ಲಿದ್ದ ಸಹಜ ಶಿಕ್ಷಕ ಅಲ್ಲಿ ಬೆಳಕಿಗೆ ಬಂದನು.

ಆದರೆ ಕಾಯಂ ಶಿಕ್ಷಕರಾಗಲು ವಿಯೆನ್ನಾದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. 1850ರಲ್ಲಿ ಭೂಗರ್ಭಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳಲ್ಲಿ ಅವರು ಅನುತ್ತೀರ್ಣರಾದರು. ಮಠವು 1851ರಿಂದ 1853ರವರೆಗೆ ಅವರನ್ನು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಓದಿಸಿತು. ಕ್ರಿಶ್ಚಿಯನ್ ಡಾಪ್ಲರ್ ಅವರಿಂದ ಭೌತಶಾಸ್ತ್ರವನ್ನೂ ಫ್ರಾಂಟ್ಸ್ ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನೂ ಅವರು ಕಲಿತರು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕುಳಿತಾಗ ಅಸ್ವಸ್ಥರಾಗಿ ಹಿಂದಿರುಗಿದರು. 1854ರಿಂದ 1868ರವರೆಗೆ ಹದಿನಾಲ್ಕು ವರ್ಷ ಬ್ರ್ನೋದ ಶಾಲೆಯೊಂದರಲ್ಲಿ ಪಾಠ ಹೇಳಿದರೂ ಕೊನೆಯವರೆಗೆ ಅವರು ಬದಲಿ ಉಪಾಧ್ಯಾಯರಾಗಿಯೇ ಉಳಿದರು. ಪರೀಕ್ಷೆಯ ಫಲಿತಾಂಶದ ದಿನ ಮನೆಯ ಕದ ಮುಚ್ಚಿ ಕುಳಿತುಕೊಳ್ಳುವ ನಮ್ಮ ಯುವಕ ಯುವತಿಯರೂ, ಅವರನ್ನು ನೆರೆಮನೆಯವರ ಮಕ್ಕಳೊಡನೆ ಹೋಲಿಸಿ ಹಂಗಿಸುವ ತಂದೆತಾಯಿಗಳೂ ಈ ಭಾಗವನ್ನು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ.

ಎರಡನೆಯ ಸೋಲಿನ ಅದೇ 1856ರಲ್ಲಿ ಅವರ ಮಹಾಪ್ರಯೋಗ ಆರಂಭವಾಯಿತು. ಮಠದ ಆವರಣದಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ತುಂಡು ನೆಲ. ಅದಕ್ಕೂ ಮೊದಲು ಎರಡು ವರ್ಷ ಅವರು ಬಟಾಣಿಯ 34 ತಳಿಗಳನ್ನು ಬೆಳೆಸಿ, ಯಾವುವು ತಮ್ಮ ಗುಣಗಳನ್ನು ತಪ್ಪದೆ ಮುಂದಿನ ಪೀಳಿಗೆಗೆ ಕೊಡುತ್ತವೆಂದು ನೋಡಿ 22 ತಳಿಗಳನ್ನು ಆಯ್ದುಕೊಂಡಿದ್ದರು. 1863ರವರೆಗೆ ನಡೆದ ಪ್ರಯೋಗಗಳಲ್ಲಿ ಸುಮಾರು 28,000 ಗಿಡಗಳು ಅವರ ಕೈ ದಾಟಿ ಹೋದವು.

ಅವರ ಪೂರ್ವಿಕರೂ ತಳಿಗಳನ್ನು ಬೆರೆಸಿದ್ದರು. ಆದರೆ ಯಾರೂ ಅವರಂತೆ ಎಣಿಸಿರಲಿಲ್ಲ. ಗುಂಡನೆಯ ಬೀಜದ ತಳಿಯನ್ನು ಸುಕ್ಕುಬೀಜದ ತಳಿಯೊಡನೆ ಬೆರೆಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಆ ಗಿಡಗಳು ತಾವಾಗಿಯೇ ಫಲ ಕಟ್ಟಿದಾಗ ಎರಡನೆಯ ಪೀಳಿಗೆಯಲ್ಲಿ ಗುಂಡು ಬೀಜಗಳು 5,474, ಸುಕ್ಕುಬೀಜಗಳು 1,850. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಕಾಣೆಯಾಗಿದ್ದ ಸುಕ್ಕು ನಾಶವಾಗಿರಲಿಲ್ಲ, ಅಡಗಿ ಕುಳಿತಿತ್ತು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಪ್ರತಿ ಗುಣಕ್ಕೂ ಎರಡು ಅಂಶಗಳು ಸಸ್ಯದಲ್ಲಿರುತ್ತವೆ, ಬೀಜ ಕಟ್ಟುವಾಗ ಅವು ಬೇರ್ಪಟ್ಟು ಮತ್ತೆ ಜೊತೆಗೂಡುತ್ತವೆ ಎಂಬ ತತ್ತ್ವವನ್ನು ಈ ಅಂಕೆಗಳೇ ಅವರಿಗೆ ಹೇಳಿದವು. 1936ರಲ್ಲಿ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು ಮೆಂಡೆಲರ ಅಂಕೆಗಳು ನಿರೀಕ್ಷಿತ ಅಂಕೆಗಳಿಗೆ ತೀರ ಸಮೀಪವಾಗಿವೆಯೆಂದು ಸಂದೇಹ ವ್ಯಕ್ತಪಡಿಸಿದರೆಂಬುದನ್ನು ನಾವು ಮುಚ್ಚಿಡಬಾರದು. ಆ ಬಗೆಗೆ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಆದರೆ ಆ ಪ್ರಯೋಗಗಳನ್ನು ಪುನಃ ಮಾಡಿದವರೆಲ್ಲರಿಗೂ ಅದೇ ನಿಯಮ ಕಂಡುಬಂದಿದೆ.

ಒಂದು ಕಣ ಸಾಕೇ?

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರ್ನೋದ ಪ್ರಕೃತಿವಿಜ್ಞಾನ ಸಂಘದಲ್ಲಿ ಮೆಂಡೆಲರು ತಮ್ಮ ಶೋಧವನ್ನು ಓದಿದರು. 1866ರಲ್ಲಿ ಅದು ಅಚ್ಚಾಯಿತು. 40 ಬಿಡಿ ಪ್ರತಿಗಳನ್ನು ಪಡೆದು, ಅವುಗಳಲ್ಲೊಂದನ್ನು ಮ್ಯೂನಿಕ್ ನಗರದ ಹೆಸರಾಂತ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ ಅವರಿಗೆ ವಿನಯಪೂರ್ವಕವಾದ ಪತ್ರದೊಡನೆ ಕಳುಹಿಸಿದರು. ನೇಗೆಲಿ ಅವರ ಉತ್ತರ ಉತ್ಸಾಹದಾಯಕವಾಗಿರಲಿಲ್ಲ. ಪ್ರಯೋಗ ಮುಗಿಯಿತೆಂದು ತಿಳಿಯಬಾರದು, ಅದು ಈಗಷ್ಟೇ ಆರಂಭವಾಗಿದೆ ಎಂಬುದು ಅದರ ಸಾರ. ಮೆಂಡೆಲರು ಬೇಸರಿಸಲಿಲ್ಲ. ತಾವೇ ಪರೀಕ್ಷಿಸಿ ನೋಡಲೆಂದು ಹೆಸರು ಬರೆದ 140 ಪೊಟ್ಟಣ ಬಟಾಣಿ ಬೀಜಗಳನ್ನು ಅವರಿಗೆ ಕಳುಹಿಸಿಕೊಟ್ಟರು.

ಇಲ್ಲಿ ನಮ್ಮ ಸಂಜೆಮಲ್ಲಿಗೆ ರಂಗಕ್ಕೆ ಬರುತ್ತದೆ. ಮೆಂಡೆಲರ ಲೆಕ್ಕಾಚಾರವೆಲ್ಲ ನಿಂತಿದ್ದುದು ಒಂದು ನಂಬುಗೆಯ ಮೇಲೆ: ಒಂದು ಪರಾಗಕಣ ಒಂದು ಅಂಡಕದೊಡನೆ ಕೂಡಿದಾಗ ಒಂದು ಬೀಜವಾಗುತ್ತದೆ. ಆದರೆ ಆ ಕಾಲದ ಅನೇಕ ವಿದ್ವಾಂಸರು ಇದನ್ನು ಒಪ್ಪಿರಲಿಲ್ಲ. ಫ್ರಾನ್ಸಿನ ಶಾರ್ಲ್ ನೋದಾಂ ಇದೇ ಸಂಜೆಮಲ್ಲಿಗೆಯ ಮೇಲೆ ಪ್ರಯೋಗ ನಡೆಸಿ, ಒಂದೇ ಕಣ ಸಾಲದೆಂಬ ತೀರ್ಮಾನಕ್ಕೆ ಬಂದಿದ್ದರು. ಚಾರ್ಲ್ಸ್ ಡಾರ್ವಿನ್ 1868ರ ತಮ್ಮ ಗ್ರಂಥದಲ್ಲಿ ಅದನ್ನು ಎತ್ತಿಹಿಡಿದಿದ್ದರು. ಒಂದು ಬೀಜಕ್ಕೆ ಹಲವು ಕಣಗಳು ಬೇಕೆಂದಾದರೆ ಆ ಸಸ್ಯಕ್ಕೆ ಹಲವು ತಂದೆಯರಿರಬಹುದು. ಆಗ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬ ಲೆಕ್ಕ ಬುಡಮೇಲಾಗುತ್ತದೆ. ಹತ್ತು ವರ್ಷಗಳ ಶ್ರಮದ ಅಡಿಪಾಯವೇ ಇಲ್ಲಿ ಪ್ರಶ್ನೆಗೆ ಒಳಗಾಗಿತ್ತು. ಎದುರಿಗಿದ್ದವರು ಜಗತ್ಪ್ರಸಿದ್ಧರು, ಇವರೋ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಒಬ್ಬ ಮಠವಾಸಿ.

ಮೆಂಡೆಲರು ವಾದಕ್ಕಿಳಿಯಲಿಲ್ಲ. ನೋದಾಂ ಬಳಸಿದ ಅದೇ ಗಿಡವನ್ನು ಆರಿಸಿಕೊಂಡರು. ಈ ಹೂವು ಇಂತಹ ಪರೀಕ್ಷೆಗೆ ಬಹು ಯೋಗ್ಯವಾದುದು. ಬಟಾಣಿಯ ಕೋಡಿನಲ್ಲಿ ಹಲವು ಬೀಜಗಳಿದ್ದರೆ, ಸಂಜೆಮಲ್ಲಿಗೆಯ ಒಂದು ಹೂವಿನಲ್ಲಿ ಇರುವುದು ಒಂದೇ ಅಂಡಕ; ಆದ್ದರಿಂದ ಒಂದು ಹೂವಿಗೆ ಒಂದೇ ಬೀಜ. ಇದರ ಪರಾಗಕಣಗಳೂ ಇತರ ಹೂಗಳ ಕಣಗಳಿಗಿಂತ ದೊಡ್ಡವು; ತೀಕ್ಷ್ಣ ದೃಷ್ಟಿಗೆ ಒಂದೊಂದಾಗಿ ಕಾಣಿಸುತ್ತವೆ. ಆದರೂ ಕೆಲಸ ಸುಲಭವಲ್ಲ. ಸಂಜೆಮಲ್ಲಿಗೆಯನ್ನು ಅದರ ಪಾಡಿಗೆ ಬಿಟ್ಟರೆ, ಹೂವು ಮುದುಡುವಾಗ ಕೇಸರಗಳೂ ಶಲಾಕೆಯೂ ಒಟ್ಟಿಗೆ ಸುರುಳಿಗೊಂಡು ತನ್ನ ಪರಾಗ ತನಗೇ ತಾಗಿ ಬೀಜ ಕಟ್ಟುತ್ತದೆ. ಆದ್ದರಿಂದ ಸಂಜೆಯಾಗುವ ಮೊದಲೇ ಮೊಗ್ಗನ್ನು ಮೃದುವಾಗಿ ಬಿಡಿಸಿ, ಪರಾಗ ಉದುರುವ ಮುನ್ನ ಅದರ ಐದು ಕೇಸರಗಳನ್ನು ಕಿತ್ತು, ಶಲಾಕೆಯ ತುದಿಗೆ ಒಂದೇ ಒಂದು ಕಣವನ್ನು ಮುಟ್ಟಿಸಿ, ಪತಂಗಗಳು ಬೇರೆ ಪರಾಗ ತಾರದಂತೆ ಹೂವನ್ನು ಕಾಯಬೇಕು. ಎಷ್ಟೋ ಹೂಗಳು ವ್ಯರ್ಥವಾಗುತ್ತವೆ.

ಹೀಗೆ ಒಂದೊಂದೇ ಕಣದಿಂದ ಫಲಿತಗೊಂಡ 18 ಒಳ್ಳೆಯ ಬೀಜಗಳು ಅವರಿಗೆ ದೊರೆತವು. ಬಿತ್ತಿದರು. ಹದಿನೆಂಟೂ ಮೊಳೆತು ಗಿಡಗಳಾದವು. 1870ರ ಜುಲೈ 3ರಂದು ನೇಗೆಲಿ ಅವರಿಗೆ ಬರೆದ ಪತ್ರದಲ್ಲಿ ಮೆಂಡೆಲರು ಈ ವಿಷಯವನ್ನು ಅರುಹಿದಾಗ ಅವುಗಳಲ್ಲಿ ಹತ್ತು ಗಿಡಗಳು ಆಗಲೇ ಹೂ ಬಿಟ್ಟಿದ್ದವು. ಅವುಗಳಲ್ಲಿ ಹೆಚ್ಚಿನವು, ಸಹಜವಾಗಿ ಫಲಿತಗೊಂಡ ಬೀಜದ ಗಿಡಗಳಷ್ಟೇ ಪುಷ್ಟವಾಗಿದ್ದವು. ಒಂದು ಕಣ ಸಾಕು ಎಂಬುದು ಸಿದ್ಧವಾಯಿತು. ಅದೇ ಪತ್ರದಲ್ಲಿ ಅವರು ಇನ್ನೊಂದು ಸಂಗತಿಯನ್ನೂ ತಿಳಿಸಿದರು: ಮೆಕ್ಕೆಜೋಳ, ಮತ್ತಿಯೋಲಾ ಎಂಬ ತೋಟದ ಹೂ ಮತ್ತು ಸಂಜೆಮಲ್ಲಿಗೆ, ಈ ಮೂರರ ಮಿಶ್ರತಳಿಗಳೂ ಬಟಾಣಿಯಂತೆಯೇ ನಡೆದುಕೊಂಡಿವೆ. ನಿಯಮ ಬಟಾಣಿಗೆ ಮಾತ್ರ ಸೇರಿದ್ದಾಗಿರಲಿಲ್ಲ.

ತತ್ತ್ವಶಾಸ್ತ್ರವನ್ನು ಓದಿದವರಿಗೆ ಈ ಹದಿನೆಂಟು ಗಿಡಗಳ ಮಹತ್ವ ಇನ್ನೂ ಆಳವಾಗಿ ಅರಿವಾದೀತು. ಸೆಮಿನರಿಯಲ್ಲಿ ನಾವು ಅರಿಸ್ಟಾಟಲನನ್ನು ಓದಿದಾಗ, ಸಂತಾನೋತ್ಪತ್ತಿಯಲ್ಲಿ ತಂದೆ ರೂಪವನ್ನೂ ತಾಯಿ ಕೇವಲ ದ್ರವ್ಯವನ್ನೂ ಕೊಡುತ್ತಾಳೆಂಬ ಸಿದ್ಧಾಂತವನ್ನು ಕಲಿತಿದ್ದೆವು. ಸಂತ ತೋಮಸ್ ಅಕ್ವಿನಾಸರೂ ಈ ವಿಷಯದಲ್ಲಿ ಅರಿಸ್ಟಾಟಲನನ್ನೇ ಅನುಸರಿಸಿದರು. ತಂದೆ ಬೀಜ, ತಾಯಿ ಹೊಲ ಎಂಬ ಇದೇ ಭಾವನೆ ನಮ್ಮ ದೇಶದ ಪ್ರಾಚೀನ ಚಿಂತನೆಯಲ್ಲೂ ಇದೆ. 19ನೆಯ ಶತಮಾನದ ನಡುವಿನವರೆಗೂ, ಸಸ್ಯದ ಭ್ರೂಣ ಪರಾಗದಲ್ಲಿಯೇ ಇದೆ, ತಾಯಿಹೂವು ಅದಕ್ಕೆ ಆಶ್ರಯ ಮಾತ್ರ ಎಂದು ವಾದಿಸಿದ ವಿಜ್ಞಾನಿಗಳಿದ್ದರು. ಮೆಂಡೆಲರ ಎಣಿಕೆ ಇದನ್ನು ಅಲ್ಲಗಳೆಯಿತು. ಯಾವ ತಳಿಯನ್ನು ತಂದೆಯಾಗಿಸಿದರೂ ಯಾವುದನ್ನು ತಾಯಿಯಾಗಿಸಿದರೂ ಬಟಾಣಿಯ ಫಲಿತಾಂಶ ಒಂದೇ ಆಗಿತ್ತು. ಸಂತ ತೋಮಸರ ಹೆಸರನ್ನು ಹೊತ್ತ ಮಠದ ತೋಟದಲ್ಲಿಯೇ ಈ ತಿದ್ದುಪಡಿ ಆಯಿತೆಂಬುದು ಗಮನಾರ್ಹ. ಸತ್ಯಕ್ಕೆ ಅಂಜುವ ವಿಶ್ವಾಸ ವಿಶ್ವಾಸವೇ ಅಲ್ಲ. ಹೆಣ್ಣುಮಗು ಹುಟ್ಟಿತೆಂದು ತಾಯಿಯನ್ನು ದೂಷಿಸುವ, ಸೊಸೆಯನ್ನು ಬರಿಯ ಹೊಲವೆಂದು ಕಾಣುವ ಮನೆಗಳು ನಮ್ಮ ಸಮಾಜದಲ್ಲಿ ಇಂದಿಗೂ ಇರುವುದರಿಂದ ಈ ಮಾತನ್ನು ಬಿಡಿಸಿ ಹೇಳುತ್ತಿದ್ದೇವೆ.

ಮೌನವಾಗಿ ಸಂದ ಬದುಕು

1868ರ ಮಾರ್ಚ್ ತಿಂಗಳಲ್ಲಿ ಮೆಂಡೆಲರು ಮಠಾಧಿಪತಿಯಾಗಿ ಆಯ್ಕೆಯಾದರು. ಸಂಜೆಮಲ್ಲಿಗೆಯ ಪ್ರಯೋಗ ಫಲ ನೀಡಿದ್ದು ಈ ಹೊಣೆಯ ನಡುವೆಯೇ. ಜೊತೆಜೊತೆಗೆ, ನೇಗೆಲಿ ಅವರಿಗೆ ಪ್ರಿಯವಾಗಿದ್ದ ಹೈರೇಸಿಯಂ ಎಂಬ ಹಳದಿ ಹೂವಿನ ಗಿಡಗಳನ್ನೂ ಅವರು ಬೆರೆಸಲು ತೊಡಗಿದ್ದರು. ಇದೂ ವರ್ಷವರ್ಷ ಚಿಗುರುವ ಗಿಡವೇ. ಆದರೆ ಇದರ ಬಿಡಿಹೂಗಳು ಎಷ್ಟು ಸೂಕ್ಷ್ಮವೆಂದರೆ, ಭೂತಗನ್ನಡಿಯ ಕೆಳಗೆ, ಕನ್ನಡಿಯಿಂದ ಬೆಳಕು ಬೀಳಿಸಿಕೊಂಡು ಕೆಲಸ ಮಾಡಬೇಕಿತ್ತು. ಕಣ್ಣುಗಳು ದಣಿದು ಅವರು ಕೆಲವು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಇಷ್ಟಾದರೂ ಈ ಗಿಡ ಅವರ ನಿಯಮಕ್ಕೆ ಒಗ್ಗಲಿಲ್ಲ. ಮಿಶ್ರತಳಿಯ ಸಂತಾನವೆಲ್ಲ ತಾಯಿಯಂತೆಯೇ ಇತ್ತು. ಹೈರೇಸಿಯಂ ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಂಬ ಗುಟ್ಟು ಬಯಲಾದದ್ದು 20ನೆಯ ಶತಮಾನದ ಆರಂಭದಲ್ಲಿ. ಮೆಂಡೆಲರಿಗೆ ಅದು ತಿಳಿದಿರಲಿಲ್ಲ. ಆದರೆ ತಮ್ಮ ಸಿದ್ಧಾಂತಕ್ಕೆ ಎದುರಾದ ಈ ಫಲಿತಾಂಶವನ್ನು ಅವರು ಬಚ್ಚಿಡದೆ, 1869ರಲ್ಲಿ ಸಂಘದ ಮುಂದೆ ಓದಿ 1870ರಲ್ಲಿ ಅಚ್ಚಿಗೆ ಕೊಟ್ಟರು. ಗೆಲುವಿನ ಅಂಕೆಗಳಿಗಿಂತ ಈ ಪ್ರಾಮಾಣಿಕತೆಯೇ ಅವರ ವ್ಯಕ್ತಿತ್ವಕ್ಕೆ ಹೆಚ್ಚಿನ ಸಾಕ್ಷಿಯೆಂದು ನಮ್ಮ ಅಭಿಪ್ರಾಯ.

ಅವರ ಆಸಕ್ತಿ ಇಷ್ಟಕ್ಕೇ ಸೀಮಿತವಾಗಿರಲಿಲ್ಲ. ಜೇನು ಸಾಕಿದರು, ಹವಾಮಾನದ ದಾಖಲೆಗಳನ್ನು ವರ್ಷಗಟ್ಟಲೆ ಇಟ್ಟರು, 1870ರ ಅಕ್ಟೋಬರದಲ್ಲಿ ಬ್ರ್ನೋ ನಗರಕ್ಕೆ ಅಪ್ಪಳಿಸಿದ ಸುಂಟರಗಾಳಿಯನ್ನು ಕಂಡಂತೆ ವರ್ಣಿಸಿ ಬರೆದರು. ಫ್ಯೂಷಿಯಾ ಹೂವು ಅವರಿಗೆ ಬಹು ಪ್ರಿಯ. ಮಠದ ಸಹೋದರರೊಡನೆ ತೆಗೆಸಿಕೊಂಡ ಚಿತ್ರದಲ್ಲಿಯೂ ಅವರು ಕೈಯಲ್ಲಿ ಹಿಡಿದ ಹೂವನ್ನೇ ನೋಡುತ್ತಿದ್ದಾರೆ.

1874ರಲ್ಲಿ ಮಠಗಳ ಆಸ್ತಿಯ ಮೇಲೆ ಸರಕಾರ ಹೊಸ ತೆರಿಗೆ ವಿಧಿಸಿದಾಗ ಅದು ಅನ್ಯಾಯವೆಂದು ಮೆಂಡೆಲರು ಕಟ್ಟಲು ನಿರಾಕರಿಸಿದರು. ಇತರ ಮಠಗಳು ಒಂದೊಂದಾಗಿ ಮಣಿದರೂ ಅವರು ಮಣಿಯಲಿಲ್ಲ. ಈ ಹೋರಾಟದಲ್ಲಿಯೇ ಅವರ ಕೊನೆಯ ಹತ್ತು ವರ್ಷಗಳು ಸವೆದವು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಅವರು ತೀರಿಕೊಂಡರು. ಮುಂದೆ ವಿಶ್ವವಿಖ್ಯಾತರಾದ ಸಂಗೀತಕಾರ ಲೆಯೋಶ್ ಯಾನಾಚೆಕ್ ಅಂತ್ಯಸಂಸ್ಕಾರದ ಪೂಜೆಯ ಸಂಗೀತವನ್ನು ನಡೆಸಿಕೊಟ್ಟರು. ಬಡವರು ಅತ್ತರು, ಶಿಷ್ಯರು ಸ್ಮರಿಸಿದರು; ಆದರೆ ಒಬ್ಬ ಮಹಾವಿಜ್ಞಾನಿ ಅಗಲಿದನೆಂದು ಅಂದು ಬಹುಮಂದಿಗೆ ತಿಳಿದಿರಲಿಲ್ಲ. ಅವರ ಖಾಸಗಿ ಕಾಗದಪತ್ರಗಳು ಬಹುಪಾಲು ನಾಶವಾದವು. ಅದೇ ವರ್ಷ ನೇಗೆಲಿ ಅವರು ಜೀವವಿಕಾಸದ ಬಗೆಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಏಳು ವರ್ಷ ತಮಗೆ ಪತ್ರ ಬರೆದ ಸಂನ್ಯಾಸಿಯ ಹೆಸರು ಅದರಲ್ಲಿ ಇರಲಿಲ್ಲ.

ಗಡ್ಡೆ ಚಿಗುರಿದ ಬಗೆ

ಮೆಂಡೆಲರ ಪ್ರಬಂಧ ಅಚ್ಚಾಗಿ 34 ವರ್ಷಗಳ ಬಳಿಕ, 1900ರಲ್ಲಿ, ಹಾಲೆಂಡಿನ ಹ್ಯೂಗೋ ಡಿ ವ್ರೀಸ್, ಜರ್ಮನಿಯ ಕಾರ್ಲ್ ಕೋರೆನ್ಸ್ ಮತ್ತು ಆಸ್ಟ್ರಿಯದ ಎರಿಕ್ ಫಾನ್ ಚೆರ್ಮಾಕ್ ಅವರ ಬರಹಗಳಿಂದ ಅದು ಮತ್ತೆ ಬೆಳಕಿಗೆ ಬಂತು. ಇವರಲ್ಲಿ ಕೋರೆನ್ಸರು ನೇಗೆಲಿ ಅವರ ಶಿಷ್ಯರು. ಅವರ ಸೋದರ ಸಂಬಂಧದ ಹೆಣ್ಣನ್ನೇ ಮದುವೆಯಾದವರು. ಮೆಂಡೆಲರ ಪತ್ರಗಳನ್ನು 1905ರಲ್ಲಿ ಪ್ರಕಟಿಸಿದವರೂ ಅವರೇ. ಹದಿನೆಂಟು ಗಿಡಗಳ ವೃತ್ತಾಂತ ಜಗತ್ತಿಗೆ ತಿಳಿದದ್ದು ಹಾಗೆ. ಗುರು ಬದಿಗಿರಿಸಿದ್ದನ್ನು ಶಿಷ್ಯ ಎತ್ತಿ ಹಿಡಿದನು.

ಕೋರೆನ್ಸರೂ ಸಂಜೆಮಲ್ಲಿಗೆಯನ್ನು ಬೆಳೆಸಿದರು. ಕೆಂಪು ಹೂವಿನ ಶುದ್ಧ ತಳಿಯನ್ನು ಬಿಳಿ ಹೂವಿನ ಶುದ್ಧ ತಳಿಯೊಡನೆ ಬೆರೆಸಿದಾಗ ಮೊದಲ ಪೀಳಿಗೆಯ ಹೂಗಳೆಲ್ಲ ನಸುಗೆಂಪು. ಇಲ್ಲಿ ಯಾವ ಬಣ್ಣವೂ ಇನ್ನೊಂದನ್ನು ಪೂರ್ತಿ ಮರೆಸುವುದಿಲ್ಲ. ಆ ನಸುಗೆಂಪು ಗಿಡಗಳ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ನಸುಗೆಂಪು, ಒಂದು ಪಾಲು ಬಿಳಿ. ಬಣ್ಣಗಳು ಕಲಸಿ ಹೋಗಿರಲಿಲ್ಲ. ಬಿಳಿಯು ಬಿಳಿಯಾಗಿಯೇ, ಕೆಂಪು ಕೆಂಪಾಗಿಯೇ ಮರಳಿ ಬಂದವು. 1909ರಲ್ಲಿ ಇದೇ ಹೂಗಿಡ ಮತ್ತೊಂದು ವಿಸ್ಮಯವನ್ನು ತೋರಿಸಿತು. ಎಲೆಯ ಮೇಲೆ ಬಿಳಿ ಮಚ್ಚೆಗಳುಳ್ಳ ಸಂಜೆಮಲ್ಲಿಗೆಯಲ್ಲಿ ಮರಿಗಿಡದ ಎಲೆಯ ಬಣ್ಣವನ್ನು ನಿರ್ಧರಿಸುವುದು ತಾಯಿಯ ಕೊಂಬೆ ಮಾತ್ರ, ಪರಾಗ ಯಾವ ಗಿಡದಿಂದ ಬಂದರೂ ವ್ಯತ್ಯಾಸವಾಗದು ಎಂಬುದನ್ನು ಕೋರೆನ್ಸರು ಕಂಡರು. ತಾಯಿ ಕೇವಲ ದ್ರವ್ಯವನ್ನು ಕೊಡುವವಳೆಂದು ಹೇಳಿದ ಪ್ರಾಚೀನರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

1910ರಲ್ಲಿ ಬ್ರ್ನೋದಲ್ಲಿ ಮೆಂಡೆಲರ ಅಮೃತಶಿಲೆಯ ಪ್ರತಿಮೆ ಸ್ಥಾಪನೆಯಾಯಿತು. ಆದರೆ ಪರೀಕ್ಷೆಗಳು ಮುಗಿದಿರಲಿಲ್ಲ. 1948ರಲ್ಲಿ ಸೋವಿಯತ್ ಒಕ್ಕೂಟವು ತಳಿಶಾಸ್ತ್ರವನ್ನೇ ನಿಷೇಧಿಸಿತು. 1950ರಲ್ಲಿ ಚೆಕೊಸ್ಲೊವಾಕಿಯದ ಕಮ್ಯುನಿಸ್ಟ್ ಸರಕಾರವು ಇತರ ಮಠಗಳೊಡನೆ ಈ ಮಠವನ್ನೂ ಮುಚ್ಚಿತು. ನಿಷೇಧಿಸಿದವರ ಆಡಳಿತ ಕಾಲಾಂತರದಲ್ಲಿ ಕುಸಿಯಿತು. ಸಂನ್ಯಾಸಿಯ ಎಣಿಕೆ ಉಳಿಯಿತು. 2022ರಲ್ಲಿ ಅವರ ಜನ್ಮ ದ್ವಿಶತಾಬ್ದಿಯನ್ನು ಆಚರಿಸುವ ಮುನ್ನ, ಮಠದ ಒಪ್ಪಿಗೆಯೊಂದಿಗೆ 2021ರಲ್ಲಿ ಅವರ ಸಮಾಧಿಯನ್ನು ತೆರೆದು ಅವರದೇ ಆನುವಂಶಿಕ ದ್ರವ್ಯವನ್ನು ವಿಜ್ಞಾನಿಗಳು ಓದಿದರು.

ನಮ್ಮ ಅಂಗಳದಲ್ಲಿ

ಮೆಂಡೆಲರನ್ನು ಸ್ಮರಿಸಲು ಪ್ರತಿಮೆ ಬೇಕಿಲ್ಲ. ಒಂದು ಹಿಡಿ ಮಣ್ಣು ಸಾಕು. ಸಂಜೆಮಲ್ಲಿಗೆಯ ಹೂ ಉದುರಿದ ಜಾಗದಲ್ಲಿ ಕರಿಮೆಣಸಿನ ಕಾಳನ್ನು ಹೋಲುವ ಕಪ್ಪು ಸುಕ್ಕುಬೀಜ ಒಂದೇ ಒಂದು ಕುಳಿತಿರುತ್ತದೆ. ಬಲಿತು ನೆಲಕ್ಕೆ ಬೀಳುವ ಮುನ್ನ ಅದನ್ನು ಆಯ್ದು, ನೆರಳಿನಲ್ಲಿ ಒಣಗಿಸಿ, ಯಾವ ಬಣ್ಣದ ಗಿಡದ್ದೆಂದು ಬರೆದ ಕಾಗದದ ಪೊಟ್ಟಣದಲ್ಲಿ ಇಡಬೇಕು. ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿದರೆ ಗಟ್ಟಿ ಸಿಪ್ಪೆ ಮೆದುವಾಗುತ್ತದೆ. ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ, ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ ಅಂತರವಿಟ್ಟು, ಬಿಸಿಲು ಬೀಳುವ ಕಡೆ ಬಿತ್ತಬೇಕು. ಬೇರು ನೇರವಾಗಿ ಆಳಕ್ಕಿಳಿದು ಗಡ್ಡೆಯಾಗುವುದರಿಂದ ಬೇಕಾದ ಜಾಗದಲ್ಲಿಯೇ ಬಿತ್ತುವುದು ಮೇಲು. ನೀರು ನಿಲ್ಲುವ ನೆಲದಲ್ಲಿ ಗಡ್ಡೆ ಕೊಳೆಯುತ್ತದೆ. ಒಂದೆರಡು ವಾರಗಳಲ್ಲಿ ಮೊಳಕೆ, ಎರಡು ಮೂರು ತಿಂಗಳಲ್ಲಿ ಹೂವು. ಬ್ರ್ನೋದಂತಹ ಚಳಿನಾಡಿನಲ್ಲಿ ಹಿಮ ಬೀಳುವ ಮುನ್ನ ಗಡ್ಡೆಯನ್ನು ಅಗೆದು ಒಳಗಿಡಬೇಕು, ಇಲ್ಲವೇ ವರ್ಷವೂ ಹೊಸ ಬೀಜ ಬಿತ್ತಬೇಕು. ನಮ್ಮಲ್ಲಿ ಆ ಶ್ರಮವಿಲ್ಲ. ಬೇಸಗೆಯಲ್ಲಿ ಗಿಡ ಒಣಗಿದಂತೆ ಕಂಡರೂ ಗಡ್ಡೆ ಮಣ್ಣಿನಲ್ಲಿ ಬದುಕಿದ್ದು ಮಳೆ ಬಿದ್ದೊಡನೆ ಚಿಗುರುತ್ತದೆ. ಬೀಜವೂ ಗಡ್ಡೆಯೂ ವಿಷಕಾರಿ. ಚಿಕ್ಕ ಮಕ್ಕಳು ಬಾಯಿಗೆ ಹಾಕದಂತೆ ಎಚ್ಚರ ಅಗತ್ಯ.

ನಮ್ಮ ಶಾಲೆಗಳ ಹಿರಿಯ ವಿದ್ಯಾರ್ಥಿಗಳು ಎರಡು ಬಣ್ಣಗಳ ಗಿಡಗಳನ್ನು ಆರಿಸಿ ಮೆಂಡೆಲರ ಪ್ರಯೋಗವನ್ನು ತಾವೂ ಮಾಡಬಹುದು. ಆದರೆ ಅವಸರ ಸಲ್ಲದು. ಮೊದಲ ಒಂದೆರಡು ಪೀಳಿಗೆ ಆ ಗಿಡಗಳನ್ನು ಬೇರೆ ಬೇರೆಯಾಗಿ ಬೆಳೆಸಿ, ಅವು ತಮ್ಮ ಬಣ್ಣವನ್ನು ತಪ್ಪದೆ ಉಳಿಸಿಕೊಳ್ಳುತ್ತವೆಯೇ ಎಂದು ನೋಡಬೇಕು. ಒಂದೇ ಗಿಡದಲ್ಲಿ ಎರಡು ಬಣ್ಣದ ಪಟ್ಟೆಗಳು ಕಂಡರೆ ಅಂತಹ ಗಿಡವನ್ನು ಬಿಟ್ಟುಬಿಡಬೇಕು. ಬಳಿಕ ಬೆರೆಸಿ, ಬಿತ್ತಿ, ಕಾದು, ಎಣಿಸಬೇಕು. ಬಂದ ಅಂಕೆ ಬಯಸಿದ ಅಂಕೆಯಾಗಿರದಿದ್ದರೂ ಬಂದುದನ್ನೇ ಬರೆದಿಡಬೇಕು. ಮೆಂಡೆಲರು ಕಲಿಸಿದ ಪಾಠಗಳಲ್ಲಿ ಇದೇ ಮುಖ್ಯವಾದುದು.

ಪ್ರಭು ಯೇಸು ದೇವರ ರಾಜ್ಯವನ್ನು ಕುರಿತು ಮಾತನಾಡುವಾಗ ಮತ್ತೆ ಮತ್ತೆ ಬೀಜದ ಕಡೆಗೆ ಕೈ ತೋರಿದರು. ಆ ಸಾಮ್ಯಗಳ ಮೇಲೆ ನಾವು ಗುರುಗಳು ಎಷ್ಟೋ ಪ್ರಸಂಗಗಳನ್ನು ಮಾಡಿದ್ದೇವೆ. ಮೆಂಡೆಲರು ಬೀಜವನ್ನೇ ಕೈಗೆತ್ತಿಕೊಂಡು ನೋಡಿದರು. ಹಿರಿಯರು ಹೇಳಿದರೆಂದು ನಂಬದೆ, ಹಿರಿಯರು ಒಪ್ಪಲಿಲ್ಲವೆಂದು ಕೈಬಿಡದೆ, ತಮಗೆ ದೊರೆತ ಸಣ್ಣ ತುಂಡು ನೆಲದಲ್ಲಿ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಮುಗಿಸಿದರು. ಶಾಲೆಯಲ್ಲಿ ಪಾಠ ಹೇಳುವವರು, ಮನೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುವವರು, ಹೊಲದಲ್ಲಿ ದುಡಿಯುವವರು, ತಮ್ಮ ಶ್ರಮವನ್ನು ಯಾರೂ ಗಮನಿಸಲಿಲ್ಲವೆಂದು ನೊಂದ ಎಷ್ಟೋ ಜನ ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರು ಈ ಮಳೆಗಾಲದ ಮೊದಲ ಮಳೆಗೆ ಸಂಜೆಮಲ್ಲಿಗೆಯ ನಾಲ್ಕು ಬೀಜಗಳನ್ನು ಅಂಗಳದಲ್ಲಿ ಬಿತ್ತಲಿ. ಅದು ಹೂ ಬಿಟ್ಟ ಸಂಜೆ, ಬ್ರ್ನೋದ ಆ ಮಠಾಧಿಪತಿಯ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸಲ್ಲಿಸಲಿ ಎಂದು ಹಾರೈಸುತ್ತೇವೆ.